ವಾರ್ಡುವಾರು ಜೀವನ ಗುಣಮಟ್ಟದ ಅಳತೆ ನಡೆಸುವಂತೆ ಕೋರಿ ಚಿಕ್ಕಮಗಳೂರು ನಿವಾಸಿಗಳ ಮನವಿ

ಗೆ,
ಮಾನ್ಯ ಅಧ್ಯಕ್ಷರು ಹಾಗೂ ಪೌರಾಯುಕ್ತರು,
ನಗರಸಭೆ, ಚಿಕ್ಕಮಗಳೂರು.

ಇಂದ,
ನಗರದ ವಿವಿಧ ವಾರ್ಡುಗಳ ನಿವಾಸಿಗಳು.

ವಿಷಯ: ಆಯವ್ಯಯ ತಯಾರಿಗೆ ಮುನ್ನ ಪ್ರತಿ ವಾರ್ಡಿನ ಜನಜೀವನದ ಗುಣಮಟ್ಟವನ್ನು ಅಳೆದು ಪ್ರಕಟಿಸುವ ಬಗ್ಗೆ.

ಮಾನ್ಯರೇ,

ಮುಂದಿನ ಸಾಲಿನ ಆಯವ್ಯಯದ ಪೂರ್ವಭಾವಿ ಸಭೆ ಕರೆಯುವ ಮೊದಲೇ ಪ್ರತಿ ವಾರ್ಡಿನಲ್ಲೂ ಜನಜೀವನದ ಗುಣಮಟ್ಟವನ್ನು ಅಳೆದು, ಅದರ ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಿ, ಕಾಮಗಾರಿಗಳ ಆದ್ಯತೆಯನ್ನು ಅದರ ಆಧಾರದ ಮೇಲೆಯೇ ನಿಗದಿಪಡಿಸಬೇಕೆಂದು ಈ ಮೂಲಕ ವಿನಂತಿಸಿಕೊಳ್ಳುತ್ತೇವೆ.

ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯವು ಸುಗಮ ಜೀವನ ಸೂಚ್ಯಂಕದಡಿ 2018ರಲ್ಲಿ ಮತ್ತು 2021ರ ಮಾರ್ಚ್‌ನಲ್ಲಿ 111 ನಗರಗಳ ಸ್ಥಾನಗಳನ್ನು ಪ್ರಕಟಿಸಿತು. ಎರಡನೆಯ ಸಲ ಒಟ್ಟು ಅಂಕಗಳಲ್ಲಿ ಶೇ 30ರಷ್ಟನ್ನು ನಾಗರಿಕರ ಅಭಿಪ್ರಾಯಕ್ಕೇ ಮೀಸಲಿಟ್ಟಿದ್ದು ಸ್ವಾಗತಾರ್ಹ. ಆದರೆ ರಾಜಧಾನಿಗಳು, ಸ್ಮಾರ್ಟ್ ಸಿಟಿಗಳು ಮತ್ತು ಮಹಾನಗರಗಳಿಗಾಗಿ ರೂಪಿಸಿದ ಆ ಪಟ್ಟಿಯಲ್ಲಿ, 2011ರ ಜನಗಣತಿಯಂತೆ ಸುಮಾರು 1.18 ಲಕ್ಷ ಜನರಿದ್ದ ನಮ್ಮ ಊರಿಗೆ ಜಾಗವಿರಲಿಲ್ಲ. ಹೀಗಾಗಿ ನಮ್ಮ ಊರಿನ ಅಳತೆಯನ್ನು ನಾವೇ ಮಾಡಿಕೊಳ್ಳಬೇಕಾಗಿದೆ.

2008ರಲ್ಲಿ ಕೇಂದ್ರ ಸರ್ಕಾರವು ನೀರು, ಒಳಚರಂಡಿ, ಘನತ್ಯಾಜ್ಯ ಮತ್ತು ಮಳೆನೀರು ಚರಂಡಿಗಳಿಗೆ ಸಂಬಂಧಿಸಿದಂತೆ 28 ಸೇವಾ ಮಾನದಂಡಗಳನ್ನು ನಿಗದಿಪಡಿಸಿತು. ತಲಾ ದಿನವೊಂದಕ್ಕೆ 135 ಲೀಟರ್ ನೀರು ಅವುಗಳಲ್ಲಿ ಒಂದು. ಈ ಮಾನದಂಡಗಳು ಅಗತ್ಯವೇ ಆದರೂ ಇಡೀ ಊರಿನ ಸರಾಸರಿಯಲ್ಲಿ ಮನೆಮನೆಯ ಸ್ಥಿತಿ ಕಾಣಿಸುವುದಿಲ್ಲ. ಯಗಚಿ ನದಿಯಿಂದಲೋ ಹಿರೇಕೊಳಲೆ ಕೆರೆಯಿಂದಲೋ ಬಂದ ನೀರನ್ನು ಒಂದು ಬಡಾವಣೆಗೆ ಬಿಟ್ಟಾಗ ತಗ್ಗಿನ ಮನೆಗಳ ಸಂಪುಗಳು ಮೊದಲು ತುಂಬುತ್ತವೆ. ಅಲ್ಲಿ ಮೋಟಾರ್ ಹಾಕಿ ಎಳೆದುಕೊಂಡರಂತೂ ದಿಬ್ಬದ ಮೇಲಿನ ಕೊನೆಯ ಮನೆಯ ನಲ್ಲಿಯಲ್ಲಿ ಬೆರಳುಗಾತ್ರದ ಧಾರೆಯೂ ಬರುವುದಿಲ್ಲ. ಎರಡು ಕೊಡ ತುಂಬುವಷ್ಟರಲ್ಲಿ ವಾಲ್ವ್ ಮುಚ್ಚಿರುತ್ತದೆ. ಪುಸ್ತಕದಲ್ಲಿ ಎರಡೂ ಮನೆಗಳಿಗೆ ಅಂದು ನೀರು ಬಿಟ್ಟಂತೆಯೇ ಲೆಕ್ಕ. ಆದ್ದರಿಂದ ನೀರಿನ ಅಳತೆಯನ್ನು ಟ್ಯಾಂಕಿನ ಬಳಿ ಮಾತ್ರವಲ್ಲದೆ ಪೈಪಿನ ಕೊನೆಯ ಮನೆಯಲ್ಲೂ ತೆಗೆಯಬೇಕು ಎಂಬುದು ನಮ್ಮ ಮುಖ್ಯ ಬೇಡಿಕೆ.

ಬೇರೆ ವಿಷಯಗಳಿಗೂ ಇದೇ ಕ್ರಮ ಅನ್ವಯವಾಗಲಿ. ದೂರು ಮುಕ್ತಾಯವಾಯಿತೆಂದು ಬರೆಯುವ ಮುನ್ನ ದೂರು ಕೊಟ್ಟವರನ್ನು ಒಮ್ಮೆ ಕೇಳಬೇಕು. ಫುಟ್‌ಪಾತಿನ ಉದ್ದವನ್ನು ಕಿಲೋಮೀಟರುಗಳಲ್ಲಿ ಎಣಿಸುವುದಕ್ಕಿಂತ, ಊರುಗೋಲು ಹಿಡಿದ ಹಿರಿಯರೊಬ್ಬರು ರಸ್ತೆಗೆ ಇಳಿಯದೆ ಅದರ ಮೇಲೆ ಎಷ್ಟು ದೂರ ನಡೆಯಬಲ್ಲರು ಎಂಬುದನ್ನು ನೋಡುವುದು ಹೆಚ್ಚು ಸರಿ. ವಾರಾಂತ್ಯದಲ್ಲಿ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗೆ ಹೋಗುವ ವಾಹನಗಳಿಂದ ನಗರದ ರಸ್ತೆಗಳ ಸ್ಥಿತಿಯೇ ಬದಲಾಗುವುದರಿಂದ, ಜಿಲ್ಲಾಸ್ಪತ್ರೆ ತಲುಪಲು ಬೇಕಾಗುವ ಸಮಯವನ್ನು ವಾರದ ದಿನದಂತೆಯೇ ಭಾನುವಾರವೂ ಅಳೆಯಬೇಕು. ಬೀದಿದೀಪಗಳ ತಪಾಸಣೆ ಸಂಜೆಯ ನಂತರ ನಡೆಯಬೇಕೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಿಲ್ಲ.

ಇಂಥ ಅಳತೆ ನಮ್ಮ ರಾಜ್ಯಕ್ಕೆ ಹೊಸದಲ್ಲ. ಬೆಂಗಳೂರಿನಲ್ಲಿ 1994ರಲ್ಲಿಯೇ ಅರ್ಥಶಾಸ್ತ್ರಜ್ಞ ಸ್ಯಾಮುಯೆಲ್ ಪಾಲ್ ಅವರ ಮುಂದಾಳತ್ವದಲ್ಲಿ ನಾಗರಿಕರನ್ನು ಕೇಳಿ ಸಾರ್ವಜನಿಕ ಸೇವೆಗಳ ಅಂಕಪಟ್ಟಿ ಸಿದ್ಧಪಡಿಸಲಾಗಿತ್ತು. 1999 ಮತ್ತು 2003ರಲ್ಲಿ ಮತ್ತೆ ಸಮೀಕ್ಷೆ ನಡೆಸಿದ್ದರಿಂದ ಸೇವೆಗಳು ಎಷ್ಟು ಸುಧಾರಿಸಿದವು ಎಂಬುದನ್ನು ಹೋಲಿಸಿ ನೋಡಲು ಸಾಧ್ಯವಾಯಿತು. ಅಮೆರಿಕದ ಜಾಕ್ಸನ್‌ವಿಲ್ ನಗರದಲ್ಲಿ 1985ರಿಂದಲೇ ನಿವಾಸಿಗಳು ಸೇರಿ ಸೂಚಕಗಳನ್ನು ಆರಿಸಿ ವರದಿ ಹೊರತರುವ ಪದ್ಧತಿ ಆರಂಭವಾಯಿತು. ಒಮ್ಮೆ ಅಳೆದು ಕಡತದಲ್ಲಿಡುವುದರಿಂದ ಪ್ರಯೋಜನವಿಲ್ಲ. ಅವೇ ಪ್ರಶ್ನೆಗಳನ್ನು ಪ್ರತಿವರ್ಷ ಕೇಳಿದಾಗ ಮಾತ್ರ ಖರ್ಚು ಮಾಡಿದ ಹಣದಿಂದ ಏನು ಬದಲಾಯಿತೆಂಬುದು ತಿಳಿಯುತ್ತದೆ.

ಸಮೀಕ್ಷೆಯನ್ನು ಮೊಬೈಲ್ ಆ್ಯಪ್‌ಗೆ ಸೀಮಿತಗೊಳಿಸಬಾರದು. ಬೆಳಗಿನ ಜಾವ ನೀರಿಗೆ ಕಾಯುವ ಮಹಿಳೆಯರು, ಬೀದಿಬದಿ ವ್ಯಾಪಾರಿಗಳು, ಬಾಡಿಗೆ ಮನೆಗಳಲ್ಲಿರುವವರು ಮತ್ತು ಪ್ರತಿ ಗಲ್ಲಿಯ ಚರಂಡಿಯನ್ನೂ ಬಲ್ಲ ಪೌರಕಾರ್ಮಿಕರನ್ನು ಖುದ್ದಾಗಿ ಭೇಟಿಯಾಗಿ ಕೇಳಬೇಕು. ಈ ಕೆಲಸಕ್ಕೆ ನಮ್ಮಲ್ಲಿನ ನಿವೃತ್ತ ಶಿಕ್ಷಕರೂ ಕಾಲೇಜು ವಿದ್ಯಾರ್ಥಿಗಳೂ ಸಂಭಾವನೆಯಿಲ್ಲದೆ ಕೈಜೋಡಿಸಲು ಸಿದ್ಧರಿದ್ದಾರೆ.

ತಾವು ದಯವಿಟ್ಟು ಈ ವಿಷಯವನ್ನು ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಸೇರಿಸಿ, ಸೂಚಕಗಳನ್ನು ಅಂತಿಮಗೊಳಿಸಲು ವಾರ್ಡುಗಳ ಪ್ರತಿನಿಧಿಗಳೊಂದಿಗೆ ಒಂದು ಸಭೆಯ ದಿನಾಂಕ ಗೊತ್ತುಪಡಿಸಿ ತಿಳಿಸಬೇಕೆಂದು ಕೋರುತ್ತೇವೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿಗಳು,
ನಗರದ ವಿವಿಧ ವಾರ್ಡುಗಳ ನಿವಾಸಿಗಳು