ದುಡ್ಡಿರುವ ದೇಶಕ್ಕೂ ಬಟ್ಟೆ ಸಾಲಲಿಲ್ಲ, ಅಮ್ಮ

ಲೆಸ್ಟರ್, ಇಂಗ್ಲೆಂಡ್
10 ಮೇ 2020

ಅಮ್ಮ, ಅಪ್ಪ, ಇಬ್ಬರಿಗೂ ನಮಸ್ಕಾರ.

ನಾವಿಲ್ಲಿ ಕ್ಷೇಮ. ಈಗ ಅಂಚೆಗೆ ಹಾಕಿದರೆ ಆಲ್ದೂರಿಗೆ ಯಾವಾಗ ತಲುಪುತ್ತೋ ದೇವರೇ ಬಲ್ಲ. ಅದಕ್ಕೇ ಕಾಗದ ಬರೆದು, ಫೋಟೋ ತೆಗೆದು ತಮ್ಮನ ಫೋನಿಗೆ ಕಳಿಸುತ್ತಿದ್ದೇನೆ. ಅವನೇ ಓದಿ ಹೇಳಲಿ, ಅಮ್ಮ ಕನ್ನಡಕ ಹುಡುಕೋದು ಬೇಡ.

ಅಮ್ಮ, ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, 'ಅಷ್ಟು ದುಡ್ಡಿರೋ ದೇಶ, ಅಲ್ಲಿನ ಡಾಕ್ಟರಿಗೆ ನೀನು ಪುಕ್ಕಟೆ ಬಟ್ಟೆ ಹೊಲಿದು ಕೊಡಬೇಕಾ?' ಅಂತ. ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ನೀನು ಕೇಳಿದ್ದು ಸರಿಯಾಗಿಯೇ ಇತ್ತು. ನಾನೂ ಇಲ್ಲಿ ಅದನ್ನೇ ಕೇಳಿದೆ.

ನಾನು ಹೊಲಿಯುತ್ತಿರುವುದು ಸ್ಕ್ರಬ್ಸ್. ಅಂದರೆ ಆಪರೇಷನ್ ಥಿಯೇಟರಿನಲ್ಲಿ ಹಾಕುತ್ತಾರಲ್ಲ, ಅರೆತೋಳಿನ ಅಂಗಿ, ಲಾಡಿಯ ಪೈಜಾಮ, ಅದು. ಮೊದಲೆಲ್ಲ ಅದು ಬೇಕಾಗುತ್ತಿದ್ದದ್ದು ಥಿಯೇಟರಿನವರಿಗೆ, ಐಸಿಯುನವರಿಗೆ. ಮಾಮೂಲಿ ವಾರ್ಡಿನ ಡಾಕ್ಟರು ಮನೆಯ ಬಟ್ಟೆಯಲ್ಲೇ ಕೆಲಸಕ್ಕೆ ಬರುತ್ತಿದ್ದರು. ಕೊರೋನಾ ಬಂದ ಮೇಲೆ ಎಲ್ಲರಿಗೂ ಬೇಕು, ಅದೂ ಪ್ರತಿ ಪಾಳಿಗೆ ಒಗೆದ ಜೊತೆ. ಬೀದಿ ಬದಿಯ ಸಣ್ಣ ಕ್ಲಿನಿಕ್ಕಿನವರು, ವೃದ್ಧಾಶ್ರಮದಲ್ಲಿ ಮುದುಕರನ್ನು ನೋಡಿಕೊಳ್ಳುವ ಹೆಂಗಸರು, ಇವರಿಗೆ ಯಾರೂ ಹಿಂದೆ ಸ್ಕ್ರಬ್ಸ್ ಕೊಟ್ಟವರೇ ಅಲ್ಲ. ಹೊರದೇಶದಿಂದ ಬರುವ ಮಾಲು ನಿಂತುಹೋಗಿತ್ತು. ಹೀಗೆ ಊರೂರಲ್ಲಿ ಮನೆ ಮಿಷನ್ ಇದ್ದವರು ಗುಂಪು ಕಟ್ಟಿಕೊಂಡರು. ಸರ್ಕಾರ ಮೊದಲೇ ದಾಸ್ತಾನು ಇಟ್ಟಿದ್ದರೆ ಇದು ಬೇಕಿರಲಿಲ್ಲ ಅಂತ ನನಗೆ ಈಗಲೂ ಸಿಟ್ಟಿದೆ. ಆದರೆ ನಾಳೆ ಬೆಳಿಗ್ಗೆ ಪಾಳಿಗೆ ಹೋಗುವ ನರ್ಸಿಗೆ ನನ್ನ ಸಿಟ್ಟು ಮೈಮುಚ್ಚುತ್ತದಾ, ಹೇಳು.

ಈಗ ನಿನಗೆ ಇಷ್ಟವಾಗುವ ಭಾಗ. ಬಟ್ಟೆ ಪಾಲಿಕಾಟನ್, ಒಂದು ಜೊತೆಗೆ 3 ಮೀಟರಿಗೂ ಮೇಲೆ ಬೇಕು. ಕತ್ತರಿಸುವ ಮೊದಲೇ ಬಿಸಿನೀರಿನಲ್ಲಿ ಒಗೆದು ಕುಗ್ಗಿಸಿಬಿಡಬೇಕು. ಯಾಕೆಂದರೆ ಇವರು ದಿನಾ 60 ಡಿಗ್ರಿಯಲ್ಲಿ ಒಗೆಯುತ್ತಾರೆ. ಆ ಬಿಸಿಯಲ್ಲಿ ಹತ್ತು ನಿಮಿಷ ತಿರುಗಿದರೆ ಹೆಚ್ಚುಕಡಿಮೆ ಎಲ್ಲ ರೋಗಾಣುಗಳೂ ಹೋಗುತ್ತವಂತೆ. ಬೆಲ್‌ಗ್ರೇವ್ ರಸ್ತೆಯ ಸೀರೆ ಅಂಗಡಿಗಳೆಲ್ಲ ಬಾಗಿಲು ಹಾಕಿವೆ, ಹಾಗಾಗಿ ಬಟ್ಟೆ ಸಿಗುವುದೇ ದೊಡ್ಡ ಕಷ್ಟ. ಕೆಲವರು ರಜಾಯಿ ಕವರು, ಮಂಚದ ಚಾದರ ತಂದುಕೊಡುತ್ತಾರೆ. ಒಬ್ಬ ಡಾಕ್ಟರು ಈಗ ಡೈನೋಸಾರ್ ಚಿತ್ರದ ಅಂಗಿಯಲ್ಲಿ ರೋಗಿಗಳನ್ನು ನೋಡುತ್ತಿದ್ದಾರೆ. ಯಾವ ಮಗುವಿನ ಹಾಸಿಗೆಯದೋ!

ತೋಳು ಮೊಣಕೈ ದಾಟಬಾರದು. 2007ರಲ್ಲೇ ಇಲ್ಲಿ ಆ ನಿಯಮ ಬಂತು. ಕೈ ತೊಳೆಯಲು ಅಡ್ಡಿ ಅಂತ ಗಡಿಯಾರವನ್ನೂ ಕಟ್ಟಬಾರದು.

ಕಷ್ಟ ಇರೋದು ಕತ್ತಿನಲ್ಲಿ. ವಿ ಆಕಾರದ ಕತ್ತು. ಒಳಪಟ್ಟಿ ಸೇರಿಸಿ ಹೊಲಿದ ಮೇಲೆ ಮೂಲೆಗೆ ಕತ್ತರಿ ಕೊಡಬೇಕಲ್ಲ, ಅದು ಹೊಲಿಗೆಯಿಂದ ಒಂದೆರಡು ಎಳೆ ದೂರದಲ್ಲಿ ನಿಲ್ಲಬೇಕು. ಜಾಸ್ತಿ ಹೋದರೆ ತೂತು, ಕಡಿಮೆಯಾದರೆ ತಿರುಗಿಸಿದಾಗ ಸುಕ್ಕು. ನೀನು ಬ್ಲೌಸಿಗೆ ಮಾತಾಡುತ್ತಲೇ ಕಚಕ್ ಅಂತ ಕತ್ತರಿ ಹಾಕುತ್ತಿದ್ದೆ. ನಾನು ಉಸಿರು ಬಿಗಿಹಿಡಿದು ಹಾಕುತ್ತೇನೆ. ಪೈಜಾಮದ ಎರಡು ಕಾಲನ್ನೂ ಬೇರೆ ಬೇರೆ ಹೊಲಿದು, ಒಂದನ್ನು ಇನ್ನೊಂದರೊಳಗೆ ತೂರಿಸಿ ನಡುವಿನ ಹೊಲಿಗೆ ಹಾಕುವುದು, ನೀನು ಹೇಳಿಕೊಟ್ಟ ಹಾಗೇ. ಓವರ್‌ಲಾಕ್ ಮಿಷನ್ ನನ್ನ ಹತ್ತಿರ ಇಲ್ಲ. ಹಾಗಾಗಿ ಅಂಚನ್ನು ಒಳಗೆ ಮಡಿಸಿ ಎರಡು ಸಲ ಹೊಲಿಯುತ್ತೇನೆ. ಎಲಾಸ್ಟಿಕ್ ಮಾಸ್ಕಿಗೇ ಸಾಲದೆ ಊರಲ್ಲೆಲ್ಲ ಖಾಲಿ, ಅದಕ್ಕೆ ಲಾಡಿ. ಪಿನ್ನು ಸಿಕ್ಕಿಸಿ ಲಾಡಿ ತೂರಿಸುವ ಕೆಲಸ ಅಳಿಯಂದಿರಿಗೆ ಬಿಟ್ಟಿದ್ದೇನೆ. ಚೆನ್ನಾಗಿ ಮಾಡುತ್ತಾರೆ, ಆದರೆ ಪಿನ್ನು ಒಳಗೇ ಬಿಟ್ಟುಕೊಂಡು ಒದ್ದಾಡುತ್ತಾರೆ.

ಹಳೇ ದಿಂಬಿನ ಕವರಿಗೆ ಲಾಡಿ ಹಾಕಿ ಚೀಲವನ್ನೂ ಮಾಡುತ್ತೇವೆ. ಪಾಳಿ ಮುಗಿದ ಮೇಲೆ ಬಟ್ಟೆ ಬಿಚ್ಚಿ ಅದಕ್ಕೆ ಹಾಕಿಕೊಂಡು, ಮನೆಗೆ ಬಂದು ಚೀಲದ ಸಮೇತ ವಾಷಿಂಗ್ ಮಿಷನ್ನಿಗೆ ಹಾಕುವುದು. ಬಟ್ಟೆ ಮುಟ್ಟುವ ಹಾಗೇ ಇಲ್ಲ. ನಿಮ್ಮಲ್ಲಿಗೆ ಮನೆ ಮನೆ ಸರ್ವೆಗೆ ಬರುವ ಆಶಾ ಕಾರ್ಯಕರ್ತೆಗೆ ಇಂಥದ್ದೊಂದು ಹೊಲಿದು ಕೊಡು ಅಮ್ಮ. ವಾಷಿಂಗ್ ಮಿಷನ್ ಇಲ್ಲದಿದ್ದರೇನು, ಬಚ್ಚಲ ಹಂಡೆಯ ಬಿಸಿನೀರು, ಸೋಪು ಸಾಕು, ಚೀಲ ಹಾಗೇ ಮುಳುಗಿಸಿದರಾಯಿತು.

ಇಲ್ಲಿ ಮಾರ್ಚ್ 26ರಿಂದ ಪ್ರತಿ ಗುರುವಾರ ರಾತ್ರಿ ಎಂಟಕ್ಕೆ ಜನ ಬಾಗಿಲಿಗೆ ಬಂದು ಆಸ್ಪತ್ರೆಯವರಿಗಾಗಿ ಚಪ್ಪಾಳೆ ತಟ್ಟುತ್ತಾರೆ. ಅಪ್ಪ, ನೀವು ಜನತಾ ಕರ್ಫ್ಯೂ ದಿನ ಜಾಗಟೆ ಬಾರಿಸಿದ ವೀಡಿಯೊ ನೋಡಿದೆ. ನಮ್ಮ ಬೀದಿಯಲ್ಲಿ ಸೌಟು, ಬಾಣಲೆ. ಸದ್ದಿನಲ್ಲಿ ನೀವೇ ಗೆದ್ದಿರಿ. ಆದರೆ ಮಾಸ್ಕ್ ಮಾತ್ರ ಇಲ್ಲಿ ಬಹಳ ಜನ ಇನ್ನೂ ಹಾಕುವುದೇ ಇಲ್ಲ. ನಮ್ಮ ದೇಶದಲ್ಲಿ ಏಪ್ರಿಲಿನಲ್ಲೇ ಮನೆಯಲ್ಲಿ ಮಾಡಿದ್ದಾದರೂ ಹಾಕಿ ಅಂದರಲ್ವಾ? ಜಿಲ್ಲೆಯಲ್ಲಿ ಇನ್ನೂ ಒಂದೂ ಕೇಸಿಲ್ಲ ಅಂತ ಅಪ್ಪ ಸುಮ್ನೆ ಸಂತೆ ಕಡೆ ಹೋಗೋದು ಬೇಡ. ಹಸಿರು ವಲಯ ಅಂತ ಅಂಗಡಿ ತೆಗೆದಿದ್ದಾರಂತಲ್ಲ, ತಮ್ಮನೇ ಹೋಗಿ ಅಮ್ಮನ ಮಿಷನ್ನಿಗೆ ಹೊಸ ಬೆಲ್ಟು ತರಲಿ.

ಅಮ್ಮ, ಒಂದು ಅಳತೆ ಬೇಕು. ನಾನು ಕೊಟ್ಟ ಅಂಗಿಯಲ್ಲಿ ಕೈ ಮೇಲೆತ್ತಿದರೆ ಕಂಕುಳು ಬಿಗಿಯುತ್ತದೆ, ಅಂಗಿ ಪೂರ್ತಿ ಮೇಲೇಳುತ್ತದೆ ಅಂತ ಒಬ್ಬ ನರ್ಸ್ ಹೇಳಿದರು. ಡ್ರಿಪ್ ಬಾಟಲಿ ಮೇಲೆ ತೂಗುಹಾಕುವವರು ಅವರು, ಪಾಪ. ನೀನು ಅಜ್ಜನ ಜುಬ್ಬಕ್ಕೆ ಕಂಕುಳಲ್ಲಿ ಒಂದು ಚೌಕದ ತುಂಡು ಸೇರಿಸುತ್ತಿದ್ದೆಯಲ್ಲ, ಅದು ಎಷ್ಟು ಇಂಚು? ಮೂಲೆ ಯಾವ ಕಡೆಯಿಂದ ಹಿಡಿದು ಹೊಲಿಯಬೇಕು? ಪೇಪರಿನಲ್ಲಿ ಕತ್ತರಿಸಿ, ಪಕ್ಕದಲ್ಲಿ ಟೇಪು ಇಟ್ಟು, ತಮ್ಮನ ಕೈಲಿ ಫೋಟೋ ತೆಗೆಸಿ ಕಳಿಸು. ಗುರುವಾರದೊಳಗೆ ಬಂದರೆ ಮುಂದಿನ ಗಂಟಿಗೆ ಸೇರಿಸುತ್ತೇನೆ.

ಇಂತಿ,
ನಿಮ್ಮ ಮಗಳು