ಆಡಿಯಾಲಜಿ ಓದ್ಬೇಕು ಅನ್ನೋ ಮಕ್ಳಿಗೆ

ಎಲ್ರಿಗೂ ನಮಸ್ಕಾರ. ಮೊನ್ನೆ ಇಲ್ಲಿ ಒಬ್ರು, ಮಗಳು ಸೆಕೆಂಡ್ ಪಿಯುಸಿ ಸೈನ್ಸ್, ಕಿವಿ ಟೆಸ್ಟ್ ಮಾಡೋ ಕೋರ್ಸಿಗೆ, ಅಂದ್ರೆ ಆಡಿಯಾಲಜಿಗೆ, ಏನ್ಮಾಡ್ಬೇಕು ಅಂತ ಕೇಳಿದ್ರಲ್ಲ, ಅದಕ್ಕೆ ಬರೀತಿದೀನಿ. ಕೋರ್ಸು ಬಿಎಎಸ್‌ಎಲ್‌ಪಿ, ಅಂದ್ರೆ ಕಿವಿ-ಮಾತಿನ ತೊಂದ್ರೆಗಳ ಬಗ್ಗೆ ಇರೋ ಡಿಗ್ರಿ, ಮೂರು ವರ್ಷ ಕ್ಲಾಸು, ಒಂದು ವರ್ಷ ಇಂಟರ್ನ್‌ಶಿಪ್, ಮಾತು ಕಿವಿ ಎರಡೂ ಅದ್ರಲ್ಲೇ ಬರುತ್ತೆ, ಬರೀ ಆಡಿಯಾಲಜಿ ಬೇಕಂದ್ರೆ ಆಮೇಲೆ ಎಂಎಸ್ಸಿ. ನಮಗೆ ಹತ್ರ ಅಂದ್ರೆ ಮೈಸೂರು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ, 1965ರಿಂದ ಇದೆ, ಎಂಟ್ರೆನ್ಸ್ ಬರೀಬೇಕು, ಆನ್‌ಲೈನ್ ಅರ್ಜೀನ ಕೊನೇ ದಿನಕ್ಕೆ ಬಿಡ್ಬೇಡಿ, ಮಡಿಕೇರೀಲಿ ಮಳೆ ಹಿಡಿದ್ರೆ ಕರೆಂಟೂ ಇಲ್ಲ ನೆಟ್‌ವರ್ಕೂ ಇಲ್ಲ. ಬೇರೆ ಕಾಲೇಜಾದ್ರೆ ಫೀಸ್ ಕಟ್ಟೋ ಮುಂಚೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದ್ರೆ ಆರ್‌ಸಿಐ ಮಾನ್ಯತೆ ಇದೆಯಾ ನೋಡ್ಲೇಬೇಕು.

ಫಿಸಿಕ್ಸಲ್ಲಿ ಅಲೆ, ಶಬ್ದ, ಡೆಸಿಬಲ್ ಚೆನ್ನಾಗಿ ಓದ್ಕೊಳ್ಳಿ, ಆಡಿಯೋಗ್ರಾಂ, ಅಂದ್ರೆ ಕಿವಿ ಎಷ್ಟು ಕೇಳುತ್ತೆ ಅಂತ ತೋರ್ಸೋ ಗ್ರಾಫ್, ಅರ್ಥ ಆಗೋದೇ ಅದ್ರಿಂದ. ಇನ್ನೊಂದು, ತಾಳ್ಮೆ ಬೇಕು, ಹುಟ್ಟಿದ ಮಗೂಗೂ ಟೆಸ್ಟ್ ಮಾಡ್ಬೇಕು, ಅದು ನಿದ್ದೆ ಮಾಡೋವರೆಗೆ ಕಾಯ್ಬೇಕಾಗುತ್ತೆ. ನಮ್ಮೂರಲ್ಲಿ ಕೋವಿ ಸದ್ದು, ತೋಟದಲ್ಲಿ ಕಳೆ ಹೊಡೆಯೋ ಮಿಷಿನ್ ಸದ್ದು, ಇವಕ್ಕೆ ಕಿವಿ ಮಂದ ಆದವ್ರು ಎಷ್ಟೋ ಜನ ವಯಸ್ಸಾಯ್ತು ಅಂತ ಸುಮ್ನಿರ್ತಾರೆ, ನೋಡಿದ್ರೆ ಬೇಜಾರಾಗುತ್ತೆ, ನಮ್ಮ ಮಕ್ಳೇ ಓದಿ ಬಂದ್ರೆ ಅವ್ರ ಭಾಷೇಲೇ ಕೂತು ಹೇಳ್ಬಹುದು. ಡೌಟಿದ್ರೆ ಗ್ರೂಪಲ್ಲೇ ಕೇಳಿ, ಬೇರೆಯವ್ರಿಗೂ ಉಪಯೋಗ ಆಗುತ್ತೆ.