ಛಾಯಾಗ್ರಹಣ ಪಾಠಕ್ಕೆ ಮೊದಲೇ ಕ್ಯಾಮೆರಾ ಬೇಕೆ?

ಮಾನ್ಯ ಸಂಪಾದಕರೇ,

ಪ್ರೌಢಶಾಲೆಯಲ್ಲಿ ಛಾಯಾಗ್ರಹಣ ಕಲಿಸಿ ಎಂದರೆ, ಕ್ಯಾಮೆರಾಕ್ಕೆ ದುಡ್ಡೆಲ್ಲಿ ಎಂಬ ಪ್ರಶ್ನೆ ಬರುತ್ತದೆ. ಮೊದಲ ಪಾಠಗಳಿಗೆ ಕ್ಯಾಮೆರಾ ಬೇಡವೇ ಬೇಡ. 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಕಂಡುಹಿಡಿದ ಸಯನೋಟೈಪ್, ಅಂದರೆ ರಾಸಾಯನಿಕ ಬಳಿದ ಹಾಳೆಯ ಮೇಲೆ ಬಿಸಿಲಿನಿಂದ ನೀಲಿ ಚಿತ್ರ ಮೂಡಿಸುವ ವಿಧಾನ, ಸಾಕು.

ಹಸಿರು ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಂ, ಪೊಟ್ಯಾಸಿಯಂ ಫೆರಿಸಯನೈಡ್ 10 ಗ್ರಾಂ. ಬೇರೆಬೇರೆಯಾಗಿ ತಲಾ 100 ಮಿ.ಲೀ. ನೀರಿನಲ್ಲಿ ಕರಗಿಸಿಟ್ಟು, ಬಳಸುವಾಗಷ್ಟೇ ಸಮಪಾಲು ಬೆರೆಸಬೇಕು. ಮಬ್ಬು ಬೆಳಕಿನಲ್ಲಿ ದಪ್ಪ ಡ್ರಾಯಿಂಗ್ ಹಾಳೆಗೆ ತೆಳುವಾಗಿ ಬಳಿದು ಒಣಗಿಸಿ, ಮೇಲೊಂದು ಎಲೆಯಿಟ್ಟು, ಗಾಜು ಮುಚ್ಚಿ ಮಧ್ಯಾಹ್ನದ ಬಿಸಿಲಿಗೆ ಸುಮಾರು ಹತ್ತು ನಿಮಿಷ ಇಡಿ. ಆಮೇಲೆ ಹಳದಿ ಬಿಡುವವರೆಗೆ ನೀರಿನಲ್ಲಿ ತೊಳೆಯಿರಿ. ಕೈಗವಸು ಕಡ್ಡಾಯ. ಫೆರಿಸಯನೈಡ್ ಬಳಿ ಪ್ರಬಲ ಆಮ್ಲ ಇಡಲೇಬಾರದು, ವಿಷಾನಿಲ ಬಂದೀತು. ಸೋಪು, ವಾಷಿಂಗ್ ಸೋಡ ಅಂಟಿದ ಬಕೆಟಿನಲ್ಲಿ ತೊಳೆದರೆ ಕ್ಷಾರಕ್ಕೆ ನೀಲಿಯೇ ಮಾಸುತ್ತದೆ. ಬಳಿದ ಹಾಳೆ ತೇವವಾಗಿದ್ದರೂ ಚಿತ್ರ ಕಲೆಕಲೆ. ಹಾಗಾಗಿ ನಮ್ಮ ಉಡುಪಿಯ ಮಳೆಗಾಲದಲ್ಲಿ ಇದಕ್ಕೆ ಕೈಹಾಕದಿರುವುದೇ ಮೇಲು.

ಆ ತಿಂಗಳುಗಳಲ್ಲಿ, ಕ್ಯಾಮೆರಾ ಸಿಕ್ಕಿದ್ದರೆ, ಶಟರ್ ವೇಗದ (ಕ್ಯಾಮೆರಾ ಎಷ್ಟು ಹೊತ್ತು ಬೆಳಕನ್ನು ಒಳಬಿಡುತ್ತದೆ ಎಂಬುದರ) ಪಾಠವಾಗಲಿ. ಸಭಾಂಗಣದ ಯಕ್ಷಗಾನಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಇಲ್ಲ! ಅಗ್ಗದ ಎಲ್‌ಇಡಿ ದೀಪದಡಿ 1/500 ಸೆಕೆಂಡಿನಲ್ಲಿ ತೆಗೆದರೆ ಚಿತ್ರಕ್ಕೆ ಅಡ್ಡಪಟ್ಟೆ ಬೀಳಬಹುದು. ನಮ್ಮ ವಿದ್ಯುತ್ 50 ಹರ್ಟ್ಸ್, ಇಂಥ ದೀಪ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. 1/100ಕ್ಕೆ ಇಳಿಸಿದರೆ ಪಟ್ಟೆ ಮಾಯ. ಆದರೆ ಧೀಂಗಿಣ (ವೇಷಧಾರಿ ಗಿರಗಿರನೆ ಸುತ್ತುವ ಕುಣಿತ) ಮಸುಕು. ಯಾವುದನ್ನು ಬಿಡಬೇಕೆಂದು ಮಕ್ಕಳೇ ನಿರ್ಧರಿಸಲಿ.

ಕ್ಯಾಮೆರಾ ಕೊಂಡ ಮೇಲೂ ಅದನ್ನು ಚರ್ಮದ ಚೀಲದಲ್ಲಿಟ್ಟು ಕಪಾಟಿಗೆ ಬೀಗ ಹಾಕಬೇಡಿ, ಲೆನ್ಸಿಗೆ ಬೂಸ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿ, ತೇವ ಹೀರುವ ಸಿಲಿಕಾ ಜೆಲ್ ಹರಳು ಸಾಕು. ಹರಳಿನ ಬಣ್ಣ ಬದಲಾದಾಗ ಬಿಸಿಮಾಡಿ ಒಣಗಿಸಿಕೊಳ್ಳಿ.

– ಓರ್ವ ಛಾಯಾಗ್ರಾಹಕ, ಉಡುಪಿ